ನಾರ್ಮಲ್ ರಿಪೋರ್ಟು, ಒಡೆಯುವ ಗಂಟು

2021ರ ಅಕ್ಟೋಬರ್ 29, ಶುಕ್ರವಾರ. ವ್ಯಾಯಾಮ ಮುಗಿಸಿದ ಮೇಲೆ ಅಸ್ವಸ್ಥರಾದ ನಟ ಪುನೀತ್ ರಾಜ್‌ಕುಮಾರ್ ಅದೇ ದಿನ ತೀರಿಕೊಂಡರು. ಅವರಿಗೆ 46 ವರ್ಷ. ಎರಡು ದಿನ ಬಿಟ್ಟು ಕಂಠೀರವ ಸ್ಟುಡಿಯೋದಲ್ಲಿ, ತಂದೆ ತಾಯಿಯರ ಸಮಾಧಿಯ ಹತ್ತಿರವೇ ಅವರನ್ನು ಮಣ್ಣು ಮಾಡಲಾಯಿತು. ರಾಜಾಜಿನಗರದ ನಾರಾಯಣ ನೇತ್ರಾಲಯ ಅವರ ಕಣ್ಣುಗಳಿಂದ ನಾಲ್ಕು ಮಂದಿಗೆ ದೃಷ್ಟಿ ಕೊಟ್ಟಿತು.

ಮುಂದಿನ ದಿನಗಳಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಸಾಲು ಬೆಳೆಯಿತು. ಮೂವತ್ತು ದಾಟಿದವರು, ಜಿಮ್‌ಗೆ ಹೋಗುವವರು, ಎದೆ ಚುಳ್ ಎಂದರೂ ಬೆಚ್ಚಿಬೀಳುವವರು ಎಲ್ಲರೂ ಬಂದರು. 2025ರ ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗಲೂ ಅದೇ ಸಾಲು ಮತ್ತೆ ಕಂಡಿತು. ಇಸಿಜಿ ತೆಗೆಸಿ, ನಾರ್ಮಲ್ ಅನ್ನಿಸಿಕೊಂಡು, ನಿರಾಳವಾಗಿ ಮನೆಗೆ ಹೋದವರು ಬೇಕಾದಷ್ಟು ಮಂದಿ.

ಪುನೀತ್ ಅವರ ಎದೆಯೊಳಗೆ ಏನಾಗಿತ್ತು ಎಂದು ಹೊರಗೆ ಕೂತು ಊಹಿಸುವುದು ನ್ಯಾಯವಲ್ಲ. ಆದರೆ ಆ ವಾರ ವಿಜಯನಗರದ ಹೋಟೆಲುಗಳಲ್ಲಿ, ಬಸವೇಶ್ವರನಗರದ ಪಾರ್ಕುಗಳಲ್ಲಿ ಜನ ಕೇಳುತ್ತಿದ್ದ ಎರಡು ಪ್ರಶ್ನೆಗಳು ನ್ಯಾಯವಾದವು. ಸಾವಿನ ಮನೆಗೆ ಹೋದಾಗಲೆಲ್ಲ ನಾವೂ ಅವನ್ನೇ ಕೇಳುತ್ತೇವೆ. ಒಂದು: “ಮೊನ್ನೆ ತಾನೇ ಚೆಕಪ್ ಮಾಡಿಸಿದ್ರಲ್ಲ, ಎಲ್ಲಾ ನಾರ್ಮಲ್ ಇತ್ತಲ್ಲ, ಹೇಗಾಯ್ತು?” ಇನ್ನೊಂದು, ಸ್ವಲ್ಪ ದನಿ ತಗ್ಗಿಸಿ: “ಅವರಪ್ಪಂಗೂ ಹೀಗೇ ಆಗಿತ್ತಂತೆ, ಹೌದಾ?”

ಎರಡಕ್ಕೂ ಉತ್ತರ ಒಂದೇ ಜಾಗದಲ್ಲಿದೆ. ಹೃದಯದ ರಕ್ತನಾಳದ ಗೋಡೆಯಲ್ಲಿ.

ಪೈಪಿನ ಚಿತ್ರ ಬಿಡಬೇಕು

ನಮ್ಮೆಲ್ಲರ ತಲೆಯಲ್ಲಿ ಕೂತಿರುವುದು ಪೈಪಿನ ಚಿತ್ರ. ಒಳಗಡೆ ಜಿಡ್ಡು ಮೆತ್ತುತ್ತ ಮೆತ್ತುತ್ತ ದಾರಿ ಕಿರಿದಾಗಿ, ಒಂದು ದಿನ ಪೂರ್ತಿ ಮುಚ್ಚಿಹೋಗುತ್ತದೆ ಎಂದು. ಆದ್ದರಿಂದಲೇ ನಾವು ಶೇಕಡಾ ಲೆಕ್ಕದಲ್ಲಿ ಮಾತಾಡುತ್ತೇವೆ: ನಲವತ್ತು ಬ್ಲಾಕ್ ಇದ್ದರೆ ಪರವಾಗಿಲ್ಲ, ಎಪ್ಪತ್ತಾದರೆ ಸ್ಟೆಂಟು, ತೊಂಬತ್ತಾದರೆ ಗಂಡಾಂತರ. ಈ ಚಿತ್ರ ಅರ್ಧ ಮಾತ್ರ ನಿಜ. ಉಳಿದರ್ಧ ಜೀವಕ್ಕೇ ಎರವಾಗುವಷ್ಟು ತಪ್ಪು.

ಜಿಡ್ಡು ಶೇಖರವಾಗುವುದು ನಾಳದ ಒಳಮೈ ಮೇಲಲ್ಲ, ಗೋಡೆಯ ಪದರಗಳ ನಡುವೆ. ರಕ್ತದಲ್ಲಿ ಕೊಲೆಸ್ಟ್ರಾಲನ್ನು ಹೊತ್ತು ತಿರುಗುವ ಎಲ್‌ಡಿಎಲ್ ಕಣಗಳು ಒಳಪೊರೆಯನ್ನು ದಾಟಿ ಗೋಡೆಯೊಳಗೆ ಸಿಕ್ಕಿಕೊಳ್ಳುತ್ತವೆ. ರಕ್ತದ ಒತ್ತಡ, ಸಿಗರೇಟಿನ ಹೊಗೆ, ಸಕ್ಕರೆ ಕಾಯಿಲೆ, ಮಾಗಡಿ ರಸ್ತೆ ಮೈಸೂರು ರಸ್ತೆಗಳಲ್ಲಿ ದಿನವೂ ಉಸಿರಾಡುವ ಸೂಕ್ಷ್ಮ ಧೂಳು, ಇವೆಲ್ಲ ಆ ಒಳಪೊರೆಯನ್ನು ಕೆಡಿಸಿ ಕಣಗಳಿಗೆ ದಾರಿ ಸುಲಭ ಮಾಡುತ್ತವೆ. ಸಿಕ್ಕಿಬಿದ್ದ ಕಣಗಳನ್ನು ನುಂಗಲು ಬಿಳಿ ರಕ್ತಕಣಗಳು ಬರುತ್ತವೆ. ನುಂಗಿ ನುಂಗಿ ಉಬ್ಬಿ ಅಲ್ಲೇ ಸಾಯುತ್ತವೆ. ಕೊಬ್ಬು ಮತ್ತು ಸತ್ತ ಜೀವಕೋಶಗಳ ಈ ರಾಶಿಯ ಮೇಲೆ ನಾಳ ತನ್ನದೇ ನಾರಿನ ಹೊದಿಕೆ ನೇಯ್ದುಕೊಳ್ಳುತ್ತದೆ. ಡಾಕ್ಟರು ಇದನ್ನು ಪ್ಲಾಕ್ ಎನ್ನುತ್ತಾರೆ. ಇಲ್ಲಿ ಜಿಡ್ಡುಗಂಟು ಎಂದು ಕರೆಯೋಣ.

ಇದು ವಯಸ್ಸಾದ ಮೇಲೆ ಶುರುವಾಗುವುದಲ್ಲ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ವೈದ್ಯರು ಪರೀಕ್ಷಿಸಿ 1953ರಲ್ಲಿ ವರದಿ ಪ್ರಕಟಿಸಿದರು. ಸೈನಿಕರ ಸರಾಸರಿ ವಯಸ್ಸು 22. ನೂರಕ್ಕೆ 77 ಮಂದಿಯ ನಾಳಗಳಲ್ಲಿ ಈ ಕಾಯಿಲೆಯ ಗುರುತು ಬರಿಗಣ್ಣಿಗೇ ಕಂಡಿತ್ತು. ಅವರೆಲ್ಲ ಬಂದೂಕು ಹೊತ್ತು ಗುಡ್ಡ ಹತ್ತುತ್ತಿದ್ದ ಹುಡುಗರು.

ಇನ್ನೂ ಅಚ್ಚರಿಯ ಸಂಗತಿ 1987ರಲ್ಲಿ ತಿಳಿಯಿತು. ಷಿಕಾಗೋದ ಸೀಮೋರ್ ಗ್ಲಾಗೋವ್ ಮತ್ತು ಸಂಗಡಿಗರು ಸತ್ತವರ ಹೃದಯದ ನಾಳಗಳನ್ನು ಅಡ್ಡಲಾಗಿ ಕೊಯ್ದು ಅಳೆದು ನೋಡಿದರು. ಗಂಟು ಬೆಳೆದ ಹಾಗೆ ನಾಳ ತಾನೂ ಹೊರಕ್ಕೆ ಉಬ್ಬಿಕೊಂಡಿತ್ತು! ನಾಳದ ವಿಸ್ತಾರದ ನೂರಕ್ಕೆ ಸುಮಾರು 40 ಭಾಗವನ್ನು ಗಂಟು ಆಕ್ರಮಿಸುವವರೆಗೂ ರಕ್ತ ಹರಿಯುವ ದಾರಿ ಕಿರಿದಾಗಿಯೇ ಇರಲಿಲ್ಲ. ಅಂದರೆ ಕಾಯಿಲೆ ಹತ್ತಾರು ವರ್ಷ ಬೆಳೆದಿರುತ್ತದೆ, ದಾರಿ ಮಾತ್ರ ಅಗಲವಾಗಿಯೇ ಇರುತ್ತದೆ. ಆ ಮನುಷ್ಯ ಮೆಟ್ರೋ ಮೆಟ್ಟಿಲನ್ನು ಸರಸರನೆ ಹತ್ತುತ್ತಾನೆ, ಏದುಸಿರಿಲ್ಲ, ನೋವಿಲ್ಲ.

ಈಗ ಚೆಕಪ್ ವಿಷಯಕ್ಕೆ ಬನ್ನಿ. ಟಿಎಂಟಿ, ಅಂದರೆ ಬೆಲ್ಟಿನ ಮೇಲೆ ಓಡಿಸುವ ಪರೀಕ್ಷೆ, ಕೇಳುವ ಪ್ರಶ್ನೆ ಒಂದೇ: ಜೋರಾಗಿ ಓಡಿದಾಗ ಹೃದಯದ ಸ್ನಾಯುವಿಗೆ ರಕ್ತ ಸಾಲುತ್ತಿದೆಯೇ? ದಾರಿ ಅರ್ಧಕ್ಕಿಂತ ಹೆಚ್ಚು, ಸುಮಾರಾಗಿ ಎಪ್ಪತ್ತರಷ್ಟು ಕಿರಿದಾದಾಗ ಮಾತ್ರ ಅದು ಇಲ್ಲ ಎನ್ನುತ್ತದೆ. ಇಸಿಜಿಯಂತೂ ಆ ಕೆಲವು ಸೆಕೆಂಡುಗಳ ಹೃದಯದ ವಿದ್ಯುತ್ ಬರಹ ಅಷ್ಟೇ. ಗೋಡೆಯೊಳಗೆ ಗಂಟಿದೆಯೇ ಎಂದು ಎರಡೂ ನೋಡುವುದಿಲ್ಲ. ರಿಪೋರ್ಟು ಸುಳ್ಳು ಹೇಳಿರಲಿಲ್ಲ. ಅದು ಉತ್ತರ ಕೊಟ್ಟ ಪ್ರಶ್ನೆಯೇ ಬೇರೆ.

ಒಡೆಯುವ ಕ್ಷಣ

1988ರಲ್ಲಿ ವಿಲಿಯಂ ಲಿಟ್ಲ್ ಎಂಬ ಅಮೆರಿಕದ ವೈದ್ಯ ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ಮೊದಲೇ ಆಂಜಿಯೋಗ್ರಾಂ ಆಗಿದ್ದು ಆಮೇಲೆ ಹೃದಯಾಘಾತವಾದ 29 ರೋಗಿಗಳ ಹಳೆಯ ಚಿತ್ರಗಳನ್ನು ಅವರು ಮತ್ತೆ ತೆಗೆದು ನೋಡಿದ್ದರು. ಆಘಾತ ತಂದ ನಾಳ ಆ ಹಳೆಯ ಚಿತ್ರದಲ್ಲಿ ಹೇಗಿತ್ತು? 19 ಮಂದಿಯಲ್ಲಿ ಅದರ ಕಿರಿದಾಗುವಿಕೆ ಶೇಕಡಾ 50ಕ್ಕಿಂತ ಕಡಿಮೆ. ನಮ್ಮ ಭಾಷೆಯಲ್ಲಿ, ಪರವಾಗಿಲ್ಲದ ಬ್ಲಾಕು. ಮುಂದೆ ಬೇರೆಯವರು ನಡೆಸಿದ ಅಧ್ಯಯನಗಳೂ ಇದೇ ದಿಕ್ಕನ್ನು ತೋರಿಸಿದವು.

ಹಾಗಾದರೆ ನಾಳ ಮುಚ್ಚಿದ್ದು ಹೇಗೆ? ಮೈಮೇಲೆ ಏಳುವ ಕುರುವನ್ನು ನೆನೆಸಿಕೊಳ್ಳಿ. ಎಲ್ಲ ಕುರುವೂ ಒಂದೇ ಅಲ್ಲ. ಕೆಲವು ದಪ್ಪ ಚರ್ಮ ಹೊದ್ದು, ಗಟ್ಟಿಯಾಗಿ, ವರ್ಷಗಟ್ಟಲೆ ಗಂಟಿನಂತೆ ಕೂತಿರುತ್ತವೆ. ನೋಡಲು ದೊಡ್ಡದು, ತೊಂದರೆ ಕಡಿಮೆ. ಇನ್ನು ಕೆಲವು ಚಿಕ್ಕವು. ಆದರೆ ಒಳಗೆ ಕೀವು ತುಂಬಿ, ಸುತ್ತ ಕೆಂಪೇರಿ, ಮೇಲಿನ ಚರ್ಮ ತೆಳುವಾಗಿ ಹೊಳೆಯುತ್ತಿರುತ್ತದೆ. ಒಡೆಯುವುದು ಅದು. ಜಿಡ್ಡುಗಂಟಿನಲ್ಲೂ ಅಪಾಯವನ್ನು ಹೆಚ್ಚಾಗಿ ತೀರ್ಮಾನಿಸುವುದು ಗಾತ್ರವಲ್ಲ, ಒಳಗಿನ ಮೆತ್ತನೆ ಕೊಬ್ಬು, ಸುತ್ತಲಿನ ಉರಿಯೂತ ಮತ್ತು ಮೇಲಿನ ಹೊದಿಕೆಯ ದಪ್ಪ. ಒಡೆದ ಗಂಟುಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದವರು ಅಪಾಯದ ಗೆರೆಯನ್ನು 0.065 ಮಿಲಿಮೀಟರಿಗೆ ಎಳೆದಿದ್ದಾರೆ. ಹೊದಿಕೆ ಅದಕ್ಕಿಂತ ತೆಳುವಾದರೆ ಬಿರಿಯುವ ಸಂಭವ ಹೆಚ್ಚು.

ಬಿರಿದ ಕೂಡಲೇ ಒಳಗಿನ ಕೊಬ್ಬಿಗೆ ರಕ್ತ ತಾಕುತ್ತದೆ. ರಕ್ತಕ್ಕೆ ಅದು ಗಾಯ. ಬೆರಳು ಕೊಯ್ದಾಗ ಏನು ಮಾಡುತ್ತದೋ ಅದನ್ನೇ ಮಾಡುತ್ತದೆ: ಹೆಪ್ಪುಗಟ್ಟುತ್ತದೆ. ಬೆರಳಿನಲ್ಲಿ ಜೀವ ಉಳಿಸುವ ಈ ಗುಣ ಮೂರು ನಾಲ್ಕು ಮಿಲಿಮೀಟರ್ ಅಗಲದ ನಾಳದೊಳಗೆ ಜೀವ ತೆಗೆಯುತ್ತದೆ. ಬೆಳಗ್ಗೆ ಅಗಲವಾಗಿದ್ದ ದಾರಿ ನಿಮಿಷಗಳಲ್ಲಿ ಮುಚ್ಚಬಹುದು. ಹೊದಿಕೆ ಬಿರಿಯದೆ ಬರೀ ಮೇಲ್ಮೈ ಸವೆದು ಹೆಪ್ಪುಗಟ್ಟುವುದೂ ಉಂಟು, ಸಿಗರೇಟು ಸೇದುವವರಲ್ಲಿ ಮತ್ತು ಹೆಂಗಸರಲ್ಲಿ ಅದು ತುಸು ಹೆಚ್ಚು.

ದೊಡ್ಡ ಬ್ಲಾಕು ಇದ್ದವರು ನಿಶ್ಚಿಂತೆಯಿಂದ ಇರಬಹುದು ಎಂದು ಇದರರ್ಥವಲ್ಲ. ಒಂದು ದೊಡ್ಡ ಗಂಟು ಇರುವ ಕಡೆ ಹತ್ತು ಚಿಕ್ಕವು ಇರುತ್ತವೆ. ಒಡೆಯುವುದು ಯಾವುದೆಂದು ಮೊದಲೇ ಬೆರಳು ಮಾಡಿ ತೋರಿಸಲು ಆಗುವುದಿಲ್ಲ.

ಅಪ್ಪನಿಂದ ಬಂದದ್ದು

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಸಲೀಂ ಯೂಸುಫ್ ಮುಂದೆ ಕೆನಡಾದಿಂದ 52 ದೇಶಗಳಲ್ಲಿ ಹೃದಯಾಘಾತದ ಅಧ್ಯಯನ ನಡೆಸಿದರು. ಹೆಸರು ಇಂಟರ್‌ಹಾರ್ಟ್, ಫಲಿತಾಂಶ ಬಂದದ್ದು 2004ರಲ್ಲಿ. ಅದರ ಮಾಹಿತಿಯಿಂದ 2007ರಲ್ಲಿ ತಿಳಿದುಬಂದ ಒಂದು ಸಂಗತಿ ನಮ್ಮ ಭಾಗಕ್ಕೆ ನೇರವಾಗಿ ಸಂಬಂಧಿಸಿದ್ದು: ಮೊದಲ ಹೃದಯಾಘಾತದ ಸರಾಸರಿ ವಯಸ್ಸು ಬೇರೆ ದೇಶಗಳಲ್ಲಿ 59, ದಕ್ಷಿಣ ಏಷ್ಯಾದಲ್ಲಿ 53. ಆರು ವರ್ಷ ಮೊದಲೇ. ತಂದೆ ಅಥವಾ ತಾಯಿಗೆ ಹೃದಯಾಘಾತ ಆಗಿದ್ದರೆ ಮಕ್ಕಳ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟಿನ ಹತ್ತಿರ ಹೋಗುತ್ತದೆ ಎಂಬುದೂ ಅದೇ ಅಧ್ಯಯನದಿಂದ ಬಂತು.

ಮನೆತನದಿಂದ ಬರುವುದು ಏನು? ಗಂಟನ್ನು ಯಾರೂ ಹುಟ್ಟಾ ತರುವುದಿಲ್ಲ. ಬರುವುದು ಗಂಟು ಬೇಗ ಬೆಳೆಯುವ ಪರಿಸ್ಥಿತಿ. ಅದರಲ್ಲಿ ಬಹುಪಾಲು ನೂರಾರು ಜೀನುಗಳ ಚಿಕ್ಕ ಚಿಕ್ಕ ಪ್ರಭಾವಗಳ ಮೊತ್ತ. ಎರಡು ಮಾತ್ರ ದೊಡ್ಡವು, ಎರಡನ್ನೂ ರಕ್ತ ಪರೀಕ್ಷೆಯಲ್ಲಿ ಹಿಡಿಯಬಹುದು.

ಮೊದಲನೆಯದು ವಂಶಪಾರಂಪರ್ಯ ಅಧಿಕ ಕೊಲೆಸ್ಟ್ರಾಲ್, ವೈದ್ಯರ ಬಾಯಲ್ಲಿ ಎಫ್‌ಎಚ್. ಯಕೃತ್ತಿನ ಜೀವಕೋಶಗಳ ಮೇಲೆ ಎಲ್‌ಡಿಎಲ್ ಕಣಗಳನ್ನು ರಕ್ತದಿಂದ ಹಿಡಿದು ಒಳಗೆಳೆದುಕೊಳ್ಳುವ ಹಿಡಿಕೆಗಳಿವೆ. ಇದನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಆ ಹಿಡಿಕೆಯ ಜೀನಿನ ಒಂದು ಪ್ರತಿ ಕೆಟ್ಟಿದ್ದರೆ ಹುಟ್ಟಿದ ದಿನದಿಂದಲೇ ಎಲ್‌ಡಿಎಲ್ ಸುಮಾರು ಎರಡು ಪಟ್ಟು ಇರುತ್ತದೆ. ಜಗತ್ತಿನಲ್ಲಿ ಸರಿಸುಮಾರು 250 ಮಂದಿಗೆ ಒಬ್ಬರಿಗೆ ಇದಿದೆ. ಎಣ್ಣೆ ಬಿಟ್ಟರೂ, ತುಪ್ಪ ಬಿಟ್ಟರೂ ಅಂಥವರ ಎಲ್‌ಡಿಎಲ್ 190ರ ಮೇಲೆಯೇ ನಿಂತಿರುತ್ತದೆ. ಅವರ ನಾಲಿಗೆ ಚಪಲವನ್ನು ಬೈದು ಪ್ರಯೋಜನವಿಲ್ಲ, ಅದು ಅನ್ಯಾಯ ಕೂಡ.

ಕೆಲವರಲ್ಲಿ ಇದರ ಗುರುತು ಹೊರಗೇ ಸಿಗುತ್ತದೆ. ಹಿಮ್ಮಡಿಯ ಮೇಲೆ, ಮೀನಖಂಡದಿಂದ ಇಳಿದು ಬರುವ ದಪ್ಪ ಹುರಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೇಲಿಂದ ಕೆಳಗೆ ಸವರಿ ನೋಡಿ. ಸಾಮಾನ್ಯವಾಗಿ ಅದು ಚಪ್ಪಟೆಯಾಗಿ, ಅಂಚು ಸ್ಪಷ್ಟವಾಗಿ, ನುಣ್ಣಗೆ ಸಿಗುತ್ತದೆ. ಎಫ್‌ಎಚ್ ಇರುವ ಕೆಲವರಲ್ಲಿ ಅದು ಊದಿಕೊಂಡು, ಅಂಚು ಕಳೆದುಕೊಂಡು, ಒಳಗೆ ಗಂಟುಗಂಟಾಗಿ ಬೆರಳಿಗೆ ತಾಕುತ್ತದೆ. ಬೆರಳ ಗೆಣ್ಣುಗಳ ಹಿಂದಿನ ಹುರಿಗಳಲ್ಲೂ ಹೀಗಾಗುವುದುಂಟು. ಕೊಲೆಸ್ಟ್ರಾಲ್ ಅಲ್ಲಿಗೂ ಹೋಗಿ ಕೂತಿದೆ ಎಂದರ್ಥ. ಚಪ್ಪಲಿ ಕಚ್ಚಿದ್ದು ಎಂದುಕೊಂಡು ಸುಮ್ಮನಾದವರಿದ್ದಾರೆ.

ನಮ್ಮಲ್ಲಿ ಇನ್ನೊಂದು ವಿಶೇಷ ಕಾರಣಕ್ಕೂ ಇದು ಮುಖ್ಯ. ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತರುವ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರಲ್ಲೂ ಅದೇ ಕೆಟ್ಟ ಪ್ರತಿ ಇರುವ ಸಾಧ್ಯತೆ ಹೆಚ್ಚು. ಇಬ್ಬರಲ್ಲೂ ಇದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಎರಡೂ ಪ್ರತಿ ಕೆಟ್ಟೇ ಬರುವ ಸಂಭವ. ಅಂಥ ಮಗುವಿನ ಎಲ್‌ಡಿಎಲ್ 500 ದಾಟಬಹುದು, ಹರೆಯ ಮುಗಿಯುವ ಮೊದಲೇ ಹೃದಯಾಘಾತ ಆಗಬಹುದು.

ಎರಡನೆಯದರ ಹೆಸರು ಎಲ್‌ಪಿ ಲಿಟಲ್ ಎ. ಎಲ್‌ಡಿಎಲ್ ಕಣಕ್ಕೇ ಇನ್ನೊಂದು ಪ್ರೋಟೀನು ಬಾಲದಂತೆ ಅಂಟಿಕೊಂಡದ್ದು, ಆದ್ದರಿಂದ ಬಾಲದ ಕಣ ಎನ್ನಬಹುದು. ನಾರ್ವೆಯ ಕೋರೆ ಬರ್ಗ್ 1963ರಲ್ಲಿ ಇದನ್ನು ಪತ್ತೆ ಮಾಡಿದರು. ಇದರ ಮಟ್ಟ ಬಹುಮಟ್ಟಿಗೆ ಜೀನಿನಿಂದಲೇ ನಿರ್ಧಾರವಾಗುತ್ತದೆ, ಬಾಲ್ಯದಿಂದ ಮುಪ್ಪಿನವರೆಗೆ ಹೆಚ್ಚೇನೂ ಬದಲಾಗುವುದಿಲ್ಲ. ವಾಕಿಂಗಿಗೂ ಪಥ್ಯಕ್ಕೂ ಬಗ್ಗುವುದಿಲ್ಲ. ಭಾರತದಲ್ಲಿ ನಾಲ್ವರಲ್ಲಿ ಒಬ್ಬರಿಗೆ ಇದು 50 ಮಿಲಿಗ್ರಾಂ ಗಡಿ ದಾಟಿರುತ್ತದೆ ಎಂದು ಭಾರತೀಯ ಹೃದ್ರೋಗ ತಜ್ಞರ ಸಂಘ 2024ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ, ಪ್ರತಿಯೊಬ್ಬರೂ ಒಮ್ಮೆಯಾದರೂ ಇದನ್ನು ನೋಡಿಸಿಕೊಳ್ಳಬೇಕು ಎಂದೂ ಹೇಳಿದೆ. ಸಾಮಾನ್ಯ ಕೊಲೆಸ್ಟ್ರಾಲ್ ಪರೀಕ್ಷೆಯಲ್ಲಿ ಇದು ಬರುವುದಿಲ್ಲ, ಬೇರೆಯಾಗಿ ಕೇಳಿ ಬರೆಸಬೇಕು. ಕುಡಿಯದ, ಸೇದದ, ಸಕ್ಕರೆ ಕಾಯಿಲೆಯೂ ಇಲ್ಲದ ನಲವತ್ತರ ಗಂಡಸಿಗೆ ಹೃದಯಾಘಾತವಾಗಿದೆ ಎಂದಾಗ ಹುಡುಕಬೇಕಾದವುಗಳಲ್ಲಿ ಇದೊಂದು.

ಜೀನು ಕೆಡುಕನ್ನೇ ಮಾಡಬೇಕೆಂದಿಲ್ಲ. ಪಿಸಿಎಸ್‌ಕೆ9 ಎಂಬ ಜೀನು ಯಕೃತ್ತಿನ ಹಿಡಿಕೆಗಳನ್ನು ನಾಶ ಮಾಡುವ ಪ್ರೋಟೀನನ್ನು ತಯಾರಿಸುತ್ತದೆ. 2006ರಲ್ಲಿ ಅಮೆರಿಕದ ಸಂಶೋಧಕರು, ಆ ಜೀನಿನ ಒಂದು ಪ್ರತಿ ಸುಮ್ಮನಾಗಿದ್ದ ಕಪ್ಪು ಜನಾಂಗದವರ ಲೆಕ್ಕ ತೆಗೆದರು. ಅವರ ಎಲ್‌ಡಿಎಲ್ ಬೇರೆಯವರಿಗಿಂತ ನೂರಕ್ಕೆ 28ರಷ್ಟು ಮಾತ್ರ ಕಡಿಮೆ. ಆದರೆ ಹೃದಯದ ನಾಳದ ಕಾಯಿಲೆ ನೂರಕ್ಕೆ 88ರಷ್ಟು ಕಡಿಮೆ! ಐವತ್ತರಲ್ಲಿ ಮಾತ್ರೆ ಶುರು ಮಾಡಿ ಎಲ್‌ಡಿಎಲ್ಲನ್ನು ಅಷ್ಟೇ ಇಳಿಸಿದರೆ ಇಷ್ಟು ಲಾಭ ಸಿಗುವುದಿಲ್ಲ. ಅವರಿಗೆ ಸಿಕ್ಕಿದ್ದು ಏಕೆಂದರೆ ಹುಟ್ಟಿನಿಂದಲೇ ಇಳಿದಿತ್ತು.

ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಇಲ್ಲಿದೆ. ಗಂಟು ಬೆಳೆಯುವುದು ಇವತ್ತಿನ ಕೊಲೆಸ್ಟ್ರಾಲಿನಿಂದಲ್ಲ, ಅಷ್ಟೂ ವರ್ಷಗಳ ಕೊಲೆಸ್ಟ್ರಾಲಿನ ಮೊತ್ತದಿಂದ. ಮನೆತನದ ಅಪಾಯ ಎಂದರೆ ಆ ಮೊತ್ತ ಬೇಗ ತುಂಬುವುದು.

ಗಂಟಿನ ಜೊತೆ ಬಾಳು

ಅಪ್ಪನಿಗೆ 48ಕ್ಕೆ ಹೃದಯಾಘಾತವಾಗಿತ್ತು ಎಂಬ ಕಾರಣಕ್ಕೆ ಮಗ ಸಿಟಿ ಆಂಜಿಯೋಗ್ರಾಂ ಮಾಡಿಸಿದ ಎಂದುಕೊಳ್ಳಿ. ಕೈಗೆ ಬಂದ ಹಾಳೆಯಲ್ಲಿ ‘ಎಲ್‌ಎಡಿಯಲ್ಲಿ ಮೆದು ಪ್ಲಾಕ್, ಶೇಕಡಾ 30’ ಎಂದಿದೆ. ಎಲ್‌ಎಡಿ ಎಂದರೆ ಹೃದಯದ ಮುಂಭಾಗದ ಮುಖ್ಯ ನಾಳ. ಮನೆಗೆ ಬರುವಷ್ಟರಲ್ಲಿ ಅವನ ಕೈಕಾಲು ಸೋತಿರುತ್ತದೆ. ನೀರಿನ ಕ್ಯಾನ್ ಎತ್ತಬಹುದೇ, ಮಗಳನ್ನು ಎತ್ತಿಕೊಳ್ಳಬಹುದೇ, ರಾತ್ರಿ ಮಲಗಿದರೆ ಬೆಳಗ್ಗೆ ಏಳುತ್ತೇನೆಯೇ? ಈ ಭಯವನ್ನು ಯಾರೂ ಸಣ್ಣದು ಮಾಡಬಾರದು. ಆದರೆ ಆ ಹಾಳೆ ಹೇಳುತ್ತಿರುವುದು ಒಂದು ಅನುಕೂಲದ ಸಂಗತಿ: ಟಿಎಂಟಿ ನೋಡಲಾಗದ್ದನ್ನು ಅವನು ಒಡೆಯುವ ಮೊದಲೇ ನೋಡಿದ್ದಾನೆ.

ಮೊದಲು ಎಲ್ಲರೂ ಕೇಳುವುದು ಸ್ಟೆಂಟಿನ ಬಗ್ಗೆ. ಹೃದಯಾಘಾತ ಆಗುತ್ತಿರುವಾಗ ಹಾಕುವ ಸ್ಟೆಂಟು ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸ್ಥಿರವಾಗಿರುವ ಕಾಯಿಲೆಯಲ್ಲಿ? 2007ರ ಕರೇಜ್ ಅಧ್ಯಯನ, ಆಮೇಲೆ 5,179 ರೋಗಿಗಳ ಇಸ್ಕೀಮಿಯಾ ಅಧ್ಯಯನ, ಎರಡರಲ್ಲೂ ಸ್ಟೆಂಟು ಅಥವಾ ಬೈಪಾಸು ಮಾಡಿಸಿಕೊಂಡವರು ಒಳ್ಳೆಯ ಔಷಧಿ ತೆಗೆದುಕೊಂಡವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಎದೆನೋವು ಕಡಿಮೆಯಾಯಿತು, ಅದೂ ಬೆಲೆಯುಳ್ಳದ್ದೇ. ಕಾರಣ ಈಗ ಗೊತ್ತಾಗುತ್ತದೆ: ಸ್ಟೆಂಟು ಒಂದು ಜಾಗವನ್ನು ಅಗಲ ಮಾಡುತ್ತದೆ, ಒಡೆಯಬಹುದಾದ ಗಂಟು ಇನ್ನೆಲ್ಲೋ ಇರುತ್ತದೆ.

ಎಲ್ಲ ಗಂಟುಗಳನ್ನೂ ಒಟ್ಟಿಗೆ ತಲುಪುವುದು ರಕ್ತದ ಮೂಲಕ ಹೋಗುವ ಮದ್ದು. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಒಂದು ಬೂಷ್ಟಿನಿಂದ ಬೇರ್ಪಡಿಸಿದ ವಸ್ತುವೇ ಸ್ಟ್ಯಾಟಿನ್ ಎಂಬ ಮಾತ್ರೆಗಳ ಮೂಲ. ಅದು ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಿಯನ್ನು ತಗ್ಗಿಸುತ್ತದೆ, ಯಕೃತ್ತು ಹೆಚ್ಚು ಹಿಡಿಕೆಗಳನ್ನು ಹೊರಹಾಕಿ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ಗಂಟಿನ ಗಾತ್ರ ಇಳಿಯುವುದು ಸ್ವಲ್ಪವೇ. ಮುಖ್ಯ ಬದಲಾವಣೆ ಒಳಗೆ: ಕೊಬ್ಬು ತಗ್ಗುತ್ತದೆ, ಉರಿಯೂತ ಆರುತ್ತದೆ, ಹೊದಿಕೆ ದಪ್ಪವಾಗುತ್ತದೆ, ಕೆಲವು ಕಡೆ ಸುಣ್ಣ ಕಟ್ಟಿ ಗಟ್ಟಿಯಾಗುತ್ತದೆ. ಕೆಂಪು ಕುರು ಒಣಗಂಟಾಗುತ್ತದೆ. ಈ ಸುಣ್ಣದ ಕಾರಣಕ್ಕೇ ಮಾತ್ರೆ ನುಂಗುತ್ತಿರುವವರ ಕ್ಯಾಲ್ಸಿಯಂ ಸ್ಕೋರ್, ಅಂದರೆ ಸಿಟಿ ಸ್ಕ್ಯಾನಿನಲ್ಲಿ ಕಾಣುವ ಸುಣ್ಣದ ಲೆಕ್ಕ, ಎರಡು ಮೂರು ವರ್ಷದಲ್ಲಿ ಏರಿದ್ದು ಕಂಡು ಮನೆಯವರು ಗಾಬರಿಯಾಗುತ್ತಾರೆ, ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದು ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಏರಿಕೆ ಮೆದು ಗಂಟು ಗಟ್ಟಿಯಾಗುತ್ತಿರುವುದರ ಗುರುತೂ ಆಗಿರಬಹುದು.

ಲ್ಯಾಬಿನ ಹಾಳೆಯ ಬಲಬದಿಯಲ್ಲಿ ಅಚ್ಚಾಗಿರುವ ‘ನಾರ್ಮಲ್’ ಅಂಕೆ ಊರಿಗೆಲ್ಲ ಬರೆದದ್ದು, ಗಂಟು ಇರುವವರಿಗೆ ಅಲ್ಲ. ಅತಿ ಹೆಚ್ಚು ಅಪಾಯವಿರುವವರ ಎಲ್‌ಡಿಎಲ್ 55ಕ್ಕಿಂತ ಕೆಳಗೆ, ಹೆಚ್ಚು ಅಪಾಯದವರದು 70ಕ್ಕಿಂತ ಕೆಳಗೆ ಇರಬೇಕು ಎನ್ನುತ್ತದೆ 2024ರ ಮಾರ್ಗಸೂಚಿ. 110 ಇದೆ, ಹಾಳೆಯಲ್ಲಿ ದಪ್ಪಕ್ಷರ ಬಂದಿಲ್ಲ ಎಂದು ಸಮಾಧಾನಪಟ್ಟರೆ ಗಂಟಿಗೆ ಮೇವು ಹೋಗುತ್ತಲೇ ಇರುತ್ತದೆ.

ಮೈಕೈ ನೋವಿನ ಭಯವೂ ದೊಡ್ಡದು. ಬ್ರಿಟನ್ನಿನಲ್ಲಿ, ನೋವೆಂದು ಸ್ಟ್ಯಾಟಿನ್ ಬಿಟ್ಟಿದ್ದವರಿಗೆ ಕೆಲವು ತಿಂಗಳು ನಿಜವಾದ ಮಾತ್ರೆ, ಕೆಲವು ತಿಂಗಳು ಔಷಧಿಯಿಲ್ಲದ ಹುಸಿ ಮಾತ್ರೆ, ಕೆಲವು ತಿಂಗಳು ಏನೂ ಕೊಡದೆ ನೋಡಿದ ಸ್ಯಾಮ್ಸನ್ ಎಂಬ ಅಧ್ಯಯನ 2020ರಲ್ಲಿ ಬಂತು. ತೊಂದರೆಗಳಲ್ಲಿ ನೂರಕ್ಕೆ 90 ಪಾಲು ಹುಸಿ ಮಾತ್ರೆಯಲ್ಲೂ ಕಾಣಿಸಿತು. ನೋವು ಸುಳ್ಳಲ್ಲ, ಅದರ ಕಾರಣ ಬಹುತೇಕ ಮಾತ್ರೆಯೊಳಗಿನ ಮದ್ದಲ್ಲ. ಉಳಿದ ಹತ್ತು ಪಾಲಿಗೆ ಮಾತ್ರೆ ಬದಲಿಸಲು, ಪ್ರಮಾಣ ತಗ್ಗಿಸಲು ಡಾಕ್ಟರಿಗೆ ದಾರಿಗಳಿವೆ.

ಕ್ಯಾನ್ ಎತ್ತುವುದು, ಮಗಳನ್ನು ಎತ್ತುವುದು? ಡಾಕ್ಟರು ನೋಡಿ ಒಪ್ಪಿದ ಮೇಲೆ ಎರಡೂ ಆಗಬಹುದು, ನಡಿಗೆಯಂತೂ ಆಗಲೇಬೇಕು. ಜೀನಿನ ಅಪಾಯ ಜಾಸ್ತಿ ಇದ್ದವರಲ್ಲೂ ಸಿಗರೇಟು ಬಿಟ್ಟು, ಬೊಜ್ಜು ತಡೆದು, ನಡೆದಾಡಿ, ಹದವಾಗಿ ಉಂಡವರ ಅಪಾಯ ಹಾಗೆ ಮಾಡದವರಿಗಿಂತ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು ಎಂದು 2016ರ ಒಂದು ದೊಡ್ಡ ಅಧ್ಯಯನ ತೋರಿಸಿದೆ.

ಗ್ಯಾಸ್ ಇರಬೇಕು ಎನ್ನುವ ಮಾತು

ಇಷ್ಟೆಲ್ಲ ಮಾಡಿದರೂ ಗಂಟು ಒಡೆಯಬಹುದು. ಆಗ ಲೆಕ್ಕಕ್ಕೆ ಬರುವುದು ಗಂಟೆಗಳು. ಸೇಂಟ್ ಜಾನ್ಸ್‌ನ ಡೆನಿಸ್ ಝೇವಿಯರ್, ಪ್ರೇಮ್ ಪೈಸ್ ಮೊದಲಾದವರು ದೇಶದ 89 ಆಸ್ಪತ್ರೆಗಳಿಂದ ಮಾಹಿತಿ ಕೂಡಿಸಿ 2008ರಲ್ಲಿ ಪ್ರಕಟಿಸಿದ ಕ್ರಿಯೇಟ್ ಅಧ್ಯಯನದಲ್ಲಿ, ನೋವು ಶುರುವಾದಲ್ಲಿಂದ ಆಸ್ಪತ್ರೆ ಮುಟ್ಟಲು ಹಿಡಿದ ಮಧ್ಯಾಂಕ ಸಮಯ 360 ನಿಮಿಷ. ಆರು ಗಂಟೆ! ಹೃದಯದ ಸ್ನಾಯು ಅಷ್ಟು ಹೊತ್ತು ಕಾಯುವುದಿಲ್ಲ. ಆ ಆರು ಗಂಟೆಯಲ್ಲಿ ಸೋಡಾ ಕುಡಿಸುವುದು, ಈನೋ ಕಲಸುವುದು, ಬೆನ್ನು ಉಜ್ಜುವುದು, ಬೆಳಗಾಗಲಿ ಎಂದು ಕಾಯುವುದು ನಡೆದಿರುತ್ತದೆ.

ಎದೆಯ ನಡುವೆ ಹಿಂಡಿದಂತೆ, ಭಾರ ಇಟ್ಟಂತೆ ಆಗಿ ದವಡೆಗೋ ಎಡಗೈಗೋ ಹರಿದರೆ, ತಣ್ಣನೆಯ ಬೆವರು ಬಂದರೆ, ಅದನ್ನು ಗ್ಯಾಸ್ ಎಂದು ತೀರ್ಮಾನಿಸುವ ಹಕ್ಕು ಇಸಿಜಿ ನೋಡಿದವರಿಗೆ ಮಾತ್ರ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಬರೀ ಸುಸ್ತು, ಉಬ್ಬಸ, ವಾಕರಿಕೆಯಾಗಿಯೂ ಬರಬಹುದು. ಸ್ವಂತ ಗಾಡಿ ಓಡಿಸಿಕೊಂಡು ಹೋಗಬಾರದು, 108ಕ್ಕೆ ಫೋನು ಮಾಡಬೇಕು. ಪುನೀತ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಊರಿಗೆ ಹೋದಾಗ ಹೀಗಾದರೆ ಬೆಂಗಳೂರಿಗೇ ಕರೆತರುತ್ತೇವೆ ಎಂದು ಹೊತ್ತು ಕಳೆಯಬೇಕಿಲ್ಲ.

ಮುಂದಿನ ತಲೆಮಾರು

ಮನೆಯಲ್ಲಿ ಗಂಡಸರಿಗೆ 55ರೊಳಗೆ, ಹೆಂಗಸರಿಗೆ 65ರೊಳಗೆ ಹೃದಯಾಘಾತ ಆಗಿದ್ದರೆ ಒಡಹುಟ್ಟಿದವರೂ ಮಕ್ಕಳೂ ತಮ್ಮ ಎಲ್‌ಡಿಎಲ್ ಮತ್ತು ಬಾಲದ ಕಣ ಎರಡನ್ನೂ ತಿಳಿದುಕೊಂಡಿರಬೇಕು. ಎಫ್‌ಎಚ್ ಇರುವ ಮನೆಯಲ್ಲಿ ಮಗುವಿಗೆ ಹತ್ತು ತುಂಬುವ ಮೊದಲೇ ನೋಡಿಸಬೇಕು. ಅಷ್ಟು ಚಿಕ್ಕವರಿಗೆ ಮಾತ್ರೆಯೇ ಎಂದು ಅಜ್ಜಿ ತಾತಂದಿರು ಕೇಳುವುದು ಸಹಜ. ನೆದರ್ಲೆಂಡ್ಸ್‌ನಲ್ಲಿ ಇದಕ್ಕೆ ಉತ್ತರ ಸಿಕ್ಕಿದೆ. ಎಫ್‌ಎಚ್ ಇದ್ದ 214 ಮಕ್ಕಳಿಗೆ ಸಣ್ಣ ವಯಸ್ಸಿನಲ್ಲೇ ಸ್ಟ್ಯಾಟಿನ್ ಶುರು ಮಾಡಿ 20 ವರ್ಷ ನೋಡಿಕೊಂಡು ಬಂದ ವೈದ್ಯರು 2019ರಲ್ಲಿ ಫಲಿತಾಂಶ ಪ್ರಕಟಿಸಿದರು. 39ನೇ ವಯಸ್ಸಿಗೆ ಬರುವಷ್ಟರಲ್ಲಿ, ಅದೇ ಜೀನು ಹೊತ್ತಿದ್ದ ಅವರ ತಂದೆ ತಾಯಿಯರಲ್ಲಿ ನೂರಕ್ಕೆ 26 ಮಂದಿಗೆ ಹೃದಯ ಅಥವಾ ರಕ್ತನಾಳದ ಆಘಾತ ಆಗಿತ್ತು. ಮಕ್ಕಳಲ್ಲಿ ನೂರಕ್ಕೆ ಒಂದು. ಈ ಮಕ್ಕಳು ಬೆಳೆದದ್ದು ಸಹಜವಾಗಿಯೇ. ಮೊದಲ ಸಲದ ಪರೀಕ್ಷೆಗೆ ಮಗು ಉಪವಾಸ ಇರಬೇಕಾಗಿಲ್ಲ, ತಿಂಡಿ ತಿಂದೇ ಬರಬಹುದು.